ಮೆಥಡಿಸಂ ಇಂಗ್ಲೆಂಡಿನ ಬಡವರ ಬಾಯಿ ಮುಚ್ಚಿಸಿತೇ?

ಹಳೇಪುಟ: ಫ್ರಾನ್ಸಿನಲ್ಲಿ 1789ರಲ್ಲಿ ಕ್ರಾಂತಿ ಆಯಿತು. ಇಂಗ್ಲೆಂಡಿನಲ್ಲಿ ಯಾಕೆ ಆಗಲಿಲ್ಲ? ಮೆಥಡಿಸಂ ಅನ್ನುವ ಕ್ರೈಸ್ತ ಪಂಥ ಬಡವರ ಸಿಟ್ಟನ್ನು ಪ್ರಾರ್ಥನೆಯ ಕಡೆ ತಿರುಗಿಸಿತು ಅನ್ನುವ ಹಳೇ ವಾದವೇ ಸರಿ ಅಂತ ನನಗನ್ನಿಸುತ್ತದೆ. ಪಂಥ ಕಟ್ಟಿದ ಜಾನ್ ವೆಸ್ಲಿ ರಾಜನ ಪಕ್ಷ. ಅಮೆರಿಕದ ವಸಾಹತುಗಳು ತಿರುಗಿಬಿದ್ದಾಗ, 1775ರಲ್ಲಿ, ಅವರ ವಿರುದ್ಧ ಕರಪತ್ರವನ್ನೇ ಬರೆದರು. ವೆಸ್ಲಿ ತೀರಿಕೊಂಡ ಮರುವರ್ಷ, 1792ರಲ್ಲಿ, ಸರ್ಕಾರದ ಬಗ್ಗೆ ಯಾರೂ ಹಗುರವಾಗಿ ಮಾತಾಡಬಾರದು ಅಂತ ಪಂಥದ ಆಡಳಿತ ನಡೆಸುವ ಮೆಥಡಿಸ್ಟ್ ಬೋಧಕರ ಸಮ್ಮೇಳನ ಕಟ್ಟುಪಾಡು ಮಾಡಿತು.

ಗಣಿಧೂಳು: ಮೇಲಿನವರು ಹೇಳಿದ್ದನ್ನಷ್ಟೇ ನೋಡುತ್ತಿದ್ದೀರಿ. ಕೆಳಗೆ ನಡೆದದ್ದು ಬೇರೆ. 1739ರಲ್ಲಿ ವೆಸ್ಲಿ ಬ್ರಿಸ್ಟಲ್ ಹತ್ತಿರದ ಕಿಂಗ್ಸ್‌ವುಡ್‌ನಲ್ಲಿ ಕಲ್ಲಿದ್ದಲು ಗಣಿಯವರಿಗೆ ಬಯಲಲ್ಲೇ ಬೋಧನೆ ಮಾಡಿದರು. 1742ರಲ್ಲಿ ಬ್ರಿಸ್ಟಲ್‌ನ ಸಭಾಮನೆಯ ಸಾಲ ತೀರಿಸಲು ಒಂದು ದಾರಿ ಹುಡುಕಿದರು. ಹನ್ನೆರಡು ಜನಕ್ಕೊಂದು ಗುಂಪು, ಅದಕ್ಕೊಬ್ಬ ಮುಖಂಡ, ತಲೆಗೆ ವಾರಕ್ಕೊಂದು ಪೆನ್ನಿ. ಇದೇ ಮುಂದೆ ಅವರ 'ಕ್ಲಾಸ್' ಆಯಿತು. ಹಾಜರಿ, ವಂತಿಗೆ ಎಲ್ಲ ಮುಖಂಡರ ಪುಸ್ತಕದಲ್ಲಿ ಬೀಳಬೇಕು. ನೇಕಾರ ಮುಖಂಡನಾಗಬಹುದಿತ್ತು, ಹೆಂಗಸೂ ಆಗಬಹುದಿತ್ತು. ನೂರು ವರ್ಷ ಆಗುವ ಹೊತ್ತಿಗೆ, ಮತದಾನದ ಹಕ್ಕಿಗೆ ಹೋರಾಡಿದ ಚಾರ್ಟಿಸ್ಟರು ಇದೇ ಪದ್ಧತಿಯಲ್ಲಿ ಸಂಘಟನೆ ಮಾಡಿದರು.

ಕಡಲತಡಿ: ವೆಸ್ಲಿಯನ್ನು ಡಿಸೆಂಟರುಗಳ (ಇಂಗ್ಲೆಂಡಿನ ಅಧಿಕೃತ ಚರ್ಚನ್ನು ಒಪ್ಪದ ಪ್ರೊಟೆಸ್ಟಂಟರ) ಜೊತೆ ಸೇರಿಸಿ ನೋಡುವವರಿದ್ದಾರೆ, ಅದು ತಪ್ಪು. ಅವರು ಸಾಯುವವರೆಗೂ ಆಂಗ್ಲಿಕನ್, ಅಂದರೆ ಆ ಅಧಿಕೃತ ಚರ್ಚಿನ, ಪಾದ್ರಿ. ಡಿಸೆಂಟರುಗಳು ಪಟ್ಟ ಪಾಡೇ ಬೇರೆ. ಆಂಗ್ಲಿಕನ್ ಪ್ರಾರ್ಥನಾ ಪುಸ್ತಕವನ್ನೇ ಒಪ್ಪಬೇಕು ಅನ್ನುವ 1662ರ ಕಾನೂನಿಗೆ ತಲೆಬಾಗದೆ ಸುಮಾರು 2000 ಪಾದ್ರಿಗಳು ಕೆಲಸ ಕಳೆದುಕೊಂಡರು. 1665ರಲ್ಲಿ ಇನ್ನೊಂದು ಕಾನೂನು: ಸರ್ಕಾರಕ್ಕೆ ಎದುರಾಗುವುದಿಲ್ಲ ಅಂತ ಪ್ರಮಾಣ ಮಾಡದಿದ್ದರೆ ಇಂಥ ಪಾದ್ರಿ ತಾನು ಮೊದಲಿದ್ದ ಚರ್ಚಿನ ಐದು ಮೈಲಿ ಒಳಗೆ ಬರುವಂತಿಲ್ಲ. 1791ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಗಲಭೆಕೋರರು ಡಿಸೆಂಟರ್ ಪಾದ್ರಿಯೂ ವಿಜ್ಞಾನಿಯೂ ಆದ ಜೋಸೆಫ್ ಪ್ರೀಸ್ಟ್ಲಿಯವರ ಮನೆ, ಪ್ರಯೋಗಶಾಲೆ ಎರಡನ್ನೂ ಹಾಳು ಮಾಡಿದರು. ಫ್ರಾನ್ಸಿನ ಕ್ರಾಂತಿಯನ್ನು ಬಹಿರಂಗವಾಗಿ ಮೆಚ್ಚಿದವರು ಪ್ರೀಸ್ಟ್ಲಿ.

ಹಳೇಪುಟ: ನನ್ನ ಮಾತಿಗೆ ಬಲ ಕೊಟ್ಟಿರಿ. ಡಿಸೆಂಟರುಗಳಿಗೆ ಎದುರಾಡುವ ಅಭ್ಯಾಸ ಇತ್ತು, ವೆಸ್ಲಿಯ ಪಂಥದವರಾದ ವೆಸ್ಲಿಯನ್ನರಿಗೆ ಶಿಸ್ತು ಮುಖ್ಯ. 1807ರಲ್ಲಿ ಹ್ಯೂ ಬೋರ್ನ್ ಅನ್ನುವ ವೆಸ್ಲಿಯನ್ ಮೌ ಕಾಪ್ ಬೆಟ್ಟದಲ್ಲಿ ದಿನವಿಡೀ ಬಯಲು ಪ್ರಾರ್ಥನೆ ನಡೆಸಿದರು. ಮರುವರ್ಷ ಅವರನ್ನು ಪಂಥದಿಂದಲೇ ಹೊರಹಾಕಿದರು!

ಗಣಿಧೂಳು: ಹಾಗೆ ಹೊರಬಿದ್ದವರೇ ಪ್ರಿಮಿಟಿವ್ ಮೆಥಡಿಸ್ಟರಾದರು. 1872ರಲ್ಲಿ ಕೃಷಿ ಕೂಲಿಗಳ ಸಂಘ ಕಟ್ಟಿದ ಜೋಸೆಫ್ ಆರ್ಚ್ ಅವರಲ್ಲೊಬ್ಬ ಬೋಧಕ. ಇನ್ನು ವೆಸ್ಲಿಯನ್ನರ ಮಾತು. ಡಾರ್ಸೆಟ್‌ನ ಟಾಲ್‌ಪಡಲ್ ಹಳ್ಳಿಯಲ್ಲಿ ವಾರದ ಕೂಲಿ 9 ಷಿಲ್ಲಿಂಗ್‌ನಿಂದ 7ಕ್ಕೆ ಇಳಿದಿತ್ತು. ಜಮೀನುದಾರರು 6 ಮಾಡುತ್ತೇವೆ ಅಂದಾಗ ಜಾರ್ಜ್ ಲವ್‌ಲೆಸ್ ಸಂಘ ಕಟ್ಟಿದರು. ಅವರು ಹೊಲದಲ್ಲಿ ದುಡಿಯುವ ಕೂಲಿ, ಚಾಪೆಲ್‌ನಲ್ಲಿ (ಮೆಥಡಿಸ್ಟರ ಪ್ರಾರ್ಥನಾ ಮನೆಯಲ್ಲಿ) ಬೋಧಕ. ಸಂಘ ಕಟ್ಟುವುದು ಆಗ ಅಪರಾಧ ಅಲ್ಲ. ಅದಕ್ಕೇ ಅಧಿಕಾರಿಗಳು, ಇವರು ಸಂಘದವರಿಂದ ಗುಟ್ಟಾಗಿ ಪ್ರಮಾಣ ಮಾಡಿಸಿದರು ಅನ್ನುವ ನೆಪ ಹುಡುಕಿದರು. 1834ರಲ್ಲಿ ಆರು ಜನರಿಗೆ 7 ವರ್ಷ ಆಸ್ಟ್ರೇಲಿಯಾಕ್ಕೆ ಗಡೀಪಾರು. ಆರರಲ್ಲಿ ಐವರು ಮೆಥಡಿಸ್ಟರು.

ಲೆಕ್ಕಿಗ: ವೆಸ್ಲಿ ತೀರಿಕೊಂಡಾಗ ಸದಸ್ಯರು ಸುಮಾರು 70,000. 1801ರ ಜನಗಣತಿಯಲ್ಲಿ ಬ್ರಿಟನ್ನಿನ ಜನ ಒಂದು ಕೋಟಿಗೂ ಜಾಸ್ತಿ. ಇಷ್ಟು ಜನ ಒಂದು ಕ್ರಾಂತಿಯನ್ನು ತಡೆದರು ಅಂದರೆ ನಂಬೋದು ಕಷ್ಟ.

ಹಳೇಪುಟ: ಸದಸ್ಯರಾಗದೆ ಬೋಧನೆ ಕೇಳಲು ಬರುತ್ತಿದ್ದವರು ಇನ್ನೂ ಎಷ್ಟೋ ಜನ, ಅವರನ್ನು ಬಿಟ್ಟಿದ್ದೀರಿ. ಇನ್ನು ಟಾಲ್‌ಪಡಲ್: ಆ ಧೈರ್ಯ ಲವ್‌ಲೆಸ್‌ದು, ಸಮ್ಮೇಳನದ್ದಲ್ಲ.

ಗಣಿಧೂಳು: ಸಮ್ಮೇಳನದ್ದು ಅಂತ ನಾನೆಲ್ಲಿ ಹೇಳಿದೆ? ನಾನು ಹೇಳುತ್ತಿರುವುದು ಚಾಪೆಲ್‌ನ ಮಾತು. ಆ ಕಾಲದಲ್ಲಿ ಒಬ್ಬ ಕೂಲಿಯಾಳು ಹತ್ತು ಜನರ ಮುಂದೆ ಎದ್ದು ನಿಂತು ಮಾತಾಡುವುದನ್ನು ಇನ್ನೆಲ್ಲಿ ಕಲಿಯಬೇಕಿತ್ತು, ನೀವೇ ಹೇಳಿ.