ತಂತ್ರಾಂಶದ ತೊಂದರೆಯಿರುವ ಹಳೆಯ ಲ್ಯಾಪ್‌ಟಾಪ್ ಮಾರುವುದು ಹೇಗೆ? ತುಮಕೂರಿನವರ ಅನುಭವ ಹಂಚಿಕೆ

ಪ್ರಶ್ನೆ (ಶೆಟ್ಟಿಹಳ್ಳಿ, ತುಮಕೂರು)

ನಮ್ಮ ಮನೆಯಲ್ಲಿ 2019ರಲ್ಲಿ ಕೊಂಡ ಲ್ಯಾಪ್‌ಟಾಪ್ ಒಂದಿದೆ. ಎಂಟನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಮಗಳು ಕೆಲಸಕ್ಕೆ ಸೇರಿ ಹೊಸದನ್ನು ಕೊಂಡದ್ದರಿಂದ ಇದನ್ನು ಮಾರಬೇಕೆಂದಿದ್ದೇವೆ. ಆದರೆ ಇದು ಆರಂಭವಾಗಲು ಬಹಳ ಹೊತ್ತು ಹಿಡಿಯುತ್ತದೆ, ನಡುನಡುವೆ ಸ್ತಬ್ಧವಾಗುತ್ತದೆ, ವಿಂಡೋಸ್ 11ಕ್ಕೆ ಏರಿಸಲು ಹೋದರೆ ಅರ್ಧಕ್ಕೆ ನಿಂತು ಹಿಂದಿನ ಸ್ಥಿತಿಗೇ ಮರಳುತ್ತದೆ. ಹಿಂದೊಮ್ಮೆ ಅಂಗಡಿಯೊಂದರಲ್ಲಿ ಫಾರ್ಮ್ಯಾಟ್ ಮಾಡಿಸಿದ ಕೆಲವು ತಿಂಗಳಿಗೆ ಪರದೆಯ ಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಎಂಬ ಬರಹವೂ ಕಾಣಿಸಿಕೊಂಡಿದೆ. ಈಗ ವಿಚಾರಿಸಿದರೆ ‘ಸಾಫ್ಟ್‌ವೇರ್ ಹೋಗಿದೆ’ ಎಂದು ಗುಜರಿ ಬೆಲೆ ಕೇಳುತ್ತಾರೆ. ಇದ್ದ ಹಾಗೆಯೇ ಮಾರುವುದೇ, ಸರಿಪಡಿಸಿ ಮಾರುವುದೇ? ಕೊಳ್ಳುವವರಿಗೆ ಎಷ್ಟನ್ನು ಹೇಳಬೇಕು?

ಕ್ಯಾತ್ಸಂದ್ರದಿಂದ, ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯ ನೋಡಿಕೊಳ್ಳುವವರು

ಬೆಲೆಯ ಮಾತು ಆಮೇಲಿನದು. ತಾವು ತಂತ್ರಾಂಶದ ತೊಂದರೆ ಎನ್ನುತ್ತಿರುವುದು ನಿಜಕ್ಕೂ ತಂತ್ರಾಂಶದ್ದೇ ಎಂಬುದು ಮೊದಲು ಇತ್ಯರ್ಥವಾಗಬೇಕು. ಕೆಟ್ಟಿರುವುದು ತಂತ್ರಾಂಶ ಮಾತ್ರವಾಗಿದ್ದರೆ ಅದನ್ನು ಅರ್ಧ ದಿನದಲ್ಲಿ ಅಳಿಸಿ ಹೊಸದಾಗಿ ಹಾಕಬಹುದಾದ್ದರಿಂದ, ಅದನ್ನು ಹಾಗೆಯೇ ಉಳಿಸಿಕೊಂಡು ಬೆಲೆ ಇಳಿಸಿ ಮಾರುವುದು ಕೈಯಾರೆ ಮಾಡಿಕೊಳ್ಳುವ ನಷ್ಟ. ಹೊಸದಾಗಿ ಹಾಕಿದ ಮೇಲೂ ಅದೇ ತೊಂದರೆ ಮುಂದುವರಿದರೆ ಅದು ಯಂತ್ರದ ದೋಷ, ಮತ್ತು ಅದನ್ನು ತಂತ್ರಾಂಶದ ಹೆಸರಿನಲ್ಲಿ ಮಾರುವುದು ಸರಿಯಲ್ಲ. ಕೊಳ್ಳುವವರಾದರೋ ‘ಸಾಫ್ಟ್‌ವೇರ್ ಸ್ವಲ್ಪ ತೊಂದರೆ’ ಎಂದು ಕೇಳಿದ ಕೂಡಲೇ ಮದರ್‌ಬೋರ್ಡೇ ಹೋಗಿದೆ ಎಂದು ಲೆಕ್ಕ ಹಾಕಿ ಬೆಲೆ ಕಟ್ಟುತ್ತಾರೆ. ತಮಗೆ ಗುಜರಿ ಬೆಲೆ ಕೇಳಿದ್ದರ ಗುಟ್ಟು ಇಷ್ಟೇ.

ಪರೀಕ್ಷಿಸುವ ಸುಲಭ ಉಪಾಯವೊಂದಿದೆ. ಖಾಲಿಯಾದ 8 ಜಿಬಿ ಪೆನ್‌ಡ್ರೈವ್‌ ಒಂದಕ್ಕೆ ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆಗಳಾದ ಲಿನಕ್ಸ್ ಮಿಂಟ್ ಅಥವಾ ಉಬುಂಟುವನ್ನು ಬರೆದು, ಅದರಿಂದಲೇ ಲ್ಯಾಪ್‌ಟಾಪ್ ಆರಂಭಿಸಿ, ಏನನ್ನೂ ಸ್ಥಾಪಿಸದೆ ಸಂಜೆಯವರೆಗೆ ಬಳಸಿ ನೋಡಿರಿ. ಆಗ ಒಳಗಿನ ವಿಂಡೋಸ್ ಆಗಲಿ ಹಾರ್ಡ್ ಡಿಸ್ಕ್ ಆಗಲಿ ಆಟದಲ್ಲಿ ಇರುವುದೇ ಇಲ್ಲ. ವೈಫೈ ಸಿಕ್ಕಿ, ವೀಡಿಯೊ ಓಡಿ, ಎಲ್ಲಿಯೂ ಸ್ತಬ್ಧವಾಗದಿದ್ದರೆ ಮದರ್‌ಬೋರ್ಡ್, ರ‍್ಯಾಮ್, ಪರದೆಗಳು ಬಹುಮಟ್ಟಿಗೆ ಸರಿಯಾಗಿವೆ ಎಂದೇ ಅರ್ಥ. ಅಲ್ಲಿಯೂ ನಿಂತುಹೋದರೆ ಫಾರ್ಮ್ಯಾಟ್‌ಗೆ ಹಣ ಸುರಿಯಬೇಡಿ.

ಮುಂದಿನ ಅನುಮಾನ ಹಾರ್ಡ್ ಡಿಸ್ಕಿನ ಮೇಲೆ. ನಮ್ಮ ಪ್ರಯೋಗಾಲಯಕ್ಕೆ ‘ವೈರಸ್ ಬಂದಿದೆ’ ಎಂದು ವಿದ್ಯಾರ್ಥಿಗಳು ತರುವ ಈ ವಯಸ್ಸಿನ ಲ್ಯಾಪ್‌ಟಾಪ್‌ಗಳಲ್ಲಿ ದೋಷ ಮತ್ತೆ ಮತ್ತೆ ಕಾಣುವುದು ತಿರುಗುವ ಡಿಸ್ಕಿನಲ್ಲಿಯೇ. ಡಿಸ್ಕಿನ ಕೆಲವು ಭಾಗಗಳನ್ನು ಓದಲಾಗದೆ ಅದು ಮತ್ತೆ ಮತ್ತೆ ಪ್ರಯತ್ನಿಸುವಾಗ ಇಡೀ ಯಂತ್ರ ಕಾಯುತ್ತ ಕೂರುತ್ತದೆ, ನೋಡುವವರಿಗೆ ಅದು ವಿಂಡೋಸ್ ಕೆಟ್ಟಂತೆ ತೋರುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶವು ಡಿಸ್ಕಿನ ಆರೋಗ್ಯವನ್ನು ನೀಲಿ, ಹಳದಿ, ಕೆಂಪು ಬಣ್ಣಗಳಲ್ಲಿ ತೋರಿಸುತ್ತದೆ. ನೀಲಿಯಿದ್ದರೆ ಸದ್ಯಕ್ಕೆ ಚಿಂತೆಯಿಲ್ಲ. ಹಳದಿಯಿದ್ದರೆ ‘ರೀಅಲೊಕೇಟೆಡ್’ ಮತ್ತು ‘ಪೆಂಡಿಂಗ್’ ಸೆಕ್ಟರ್‌ಗಳ (ಕೆಟ್ಟು ಬದಲಿ ಜಾಗ ಪಡೆದ ಮತ್ತು ಓದಲು ತೊಡಕಾಗಿರುವ ಭಾಗಗಳ) ಸಾಲುಗಳನ್ನು ನೋಡಿರಿ. ರ‍್ಯಾಮ್ ಪರೀಕ್ಷೆಗೆ ವಿಂಡೋಸ್‌ನಲ್ಲಿಯೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಸಾಕು.

ಇನ್ನು ಮೂಲೆಯ ಬರಹದ ಸಂಗತಿ. ವಿಂಡೋಸ್ 8ರ ಕಾಲದಿಂದ ವಿಂಡೋಸ್ ಸಹಿತವಾಗಿ ಮಾರಾಟವಾಗುವ ಲ್ಯಾಪ್‌ಟಾಪ್‌ಗಳಲ್ಲಿ ಪರವಾನಗಿಯ ಕೀಲಿಯು ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲಿಯೇ (ಅದರೊಳಗೆ ಬರೆದಿಟ್ಟ ಮೂಲ ತಂತ್ರಾಂಶದಲ್ಲಿಯೇ) ಅಡಗಿರುತ್ತದೆ. ಮನೆಬಳಕೆಯ ಲ್ಯಾಪ್‌ಟಾಪ್‌ಗಳಲ್ಲಿ ಅದು ಸಾಮಾನ್ಯವಾಗಿ ಹೋಮ್ ಆವೃತ್ತಿಯದು. ಅಂಗಡಿಗಳಲ್ಲಿ ಎಲ್ಲರಿಗೂ ಒಂದೇ ಪೆನ್‌ಡ್ರೈವ್‌ನಿಂದ ಪ್ರೊ ಆವೃತ್ತಿಯನ್ನು ಹಾಕಿ, ಕಳ್ಳ ಆಕ್ಟಿವೇಟರ್ ಓಡಿಸಿ ಕಳುಹಿಸುವ ರೂಢಿಯಿದೆ. ಆ ಬಗೆಯ ಸಕ್ರಿಯಗೊಳಿಸುವಿಕೆಯ ಅವಧಿ 180 ದಿನ. ಅದು ನವೀಕರಣವಾಗದಿದ್ದರೆ ಬರಹ ಮೇಲೇಳುತ್ತದೆ. ‘ಕೆಲವು ತಿಂಗಳಿಗೆ’ ಎಂದು ತಾವು ಬರೆದಿರುವುದನ್ನು ನೋಡಿದರೆ ಇದೇ ಇರಬೇಕು. ಹಾಗಿದ್ದರೆ ಹೊಸ ಪರವಾನಗಿಗೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಮೈಕ್ರೋಸಾಫ್ಟ್‌ನ ಅಧಿಕೃತ ಜಾಲತಾಣದಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿಕೊಂಡು, ಪೆನ್‌ಡ್ರೈವ್ ಸಿದ್ಧಪಡಿಸಿ, ಹೋಮ್ ಆವೃತ್ತಿಯನ್ನು ಹಾಕಿ ಅಂತರ್ಜಾಲಕ್ಕೆ ಜೋಡಿಸಿದರೆ ಅದು ತಾನಾಗಿಯೇ ಸಕ್ರಿಯವಾಗುತ್ತದೆ. ಸೆಟ್ಟಿಂಗ್ಸ್‌ನ ಒಳಗಿನ ‘ರೀಸೆಟ್’ ಆಯ್ಕೆಯನ್ನು ನಾನು ಇಲ್ಲಿ ಸೂಚಿಸುವುದಿಲ್ಲ, ಏಕೆಂದರೆ ಅದರಿಂದ ಆವೃತ್ತಿ ಬದಲಾಗದು, ಪ್ರೊ ಇದ್ದದ್ದು ಪ್ರೊ ಆಗಿಯೇ ಉಳಿಯುತ್ತದೆ.

ಹಾಕುವುದಾದರೆ ವಿಂಡೋಸ್ 11 ಅನ್ನೇ ಹಾಕಿರಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್‌ನ ಎಂಟನೇ ತಲೆಮಾರಿನಿಂದೀಚಿನ ಪ್ರೊಸೆಸರ್‌ಗಳನ್ನು ವಿಂಡೋಸ್ 11 ಒಪ್ಪಿಕೊಳ್ಳುವುದರಿಂದ ತಮ್ಮದು ಗಡಿಯ ಈಚೆಗಿದೆ. ಇದೇ ಬಗೆಯ ಏಳನೇ ತಲೆಮಾರಿನ ಯಂತ್ರಕ್ಕೆ ಈ ಭಾಗ್ಯವಿಲ್ಲ, ಆದ್ದರಿಂದ ಜಾಹೀರಾತಿನಲ್ಲಿ ತಲೆಮಾರನ್ನು ತಪ್ಪದೆ ನಮೂದಿಸಿರಿ. ವಿಂಡೋಸ್ 11 ಕೇಳುವ ಟಿಪಿಎಂ ಎಂಬ ಭದ್ರತಾ ಸೌಲಭ್ಯ ಇಲ್ಲವೆಂದು ಯಂತ್ರ ದೂರಿದರೆ ಬಯೋಸ್‌ಗೆ (ಯಂತ್ರ ಆರಂಭವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳಿಗೆ) ಹೋಗಿ ಪಿಟಿಟಿ ಎಂಬ ಆಯ್ಕೆಯನ್ನು ಚಾಲೂ ಮಾಡಬೇಕು.

ಪ್ರಶ್ನೆ ಕೇಳಿದವರಿಂದ

ತಾವು ಹೇಳಿದಂತೆ ಪೆನ್‌ಡ್ರೈವ್‌ನಿಂದ ಓಡಿಸಿದೆವು. ಒಮ್ಮೆಯೂ ನಿಲ್ಲಲಿಲ್ಲ. ರ‍್ಯಾಮ್ ಸರಿಯಿದೆ, ಡಿಸ್ಕಿನ ಬಣ್ಣ ಮಾತ್ರ ಹಳದಿ, ಪೆಂಡಿಂಗ್ ಸೆಕ್ಟರ್‌ಗಳೂ ಕಾಣುತ್ತಿವೆ. ಡಿಸ್ಕ್ ತೆಗೆದು ಮಾರುವುದೇ, ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಹಾಕಿಸಿ ಮಾರುವುದೇ?

ಮತ್ತೆ ಕ್ಯಾತ್ಸಂದ್ರದಿಂದ

ಮೊದಲು ಮಗಳ ಫೋಟೊ, ಅಂಕಪಟ್ಟಿಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿರಿ. ಅದು ಮುಗಿಯುವವರೆಗೆ ಡಿಸ್ಕನ್ನು ಸರಿಪಡಿಸುವ, ಒಪ್ಪಮಾಡುವ ಚೆಕ್‌ಡಿಸ್ಕ್, ಡಿಫ್ರ್ಯಾಗ್ ಏನನ್ನೂ ಓಡಿಸಬೇಡಿ. ಸಾಯುತ್ತಿರುವ ಡಿಸ್ಕಿಗೆ ಅವು ಇನ್ನಷ್ಟು ಕೆಲಸ ಹಚ್ಚುತ್ತವೆ. ಬಳಿಕ 256 ಜಿಬಿಯ ಸಾಧಾರಣ ಎಸ್‌ಎಸ್‌ಡಿ ಹಾಕಿಸಿರಿ. ಆ ಕಾಲದ ಹಲವು ಮಾದರಿಗಳಲ್ಲಿ ಎಸ್‌ಎಸ್‌ಡಿ ಕೂರಿಸುವ ಎಂ.2 ಕಿಂಡಿ ಖಾಲಿಯಿರುತ್ತದೆ, ಇಲ್ಲವಾದರೆ ಹಳೆಯ ಡಿಸ್ಕಿನ ಜಾಗದಲ್ಲಿಯೇ ಎರಡೂವರೆ ಇಂಚಿನದು ಕೂರುತ್ತದೆ. ಡಿಸ್ಕಿಲ್ಲದ ಲ್ಯಾಪ್‌ಟಾಪ್ ಅನ್ನು ಅಂಗಡಿಯವರ ಹೊರತು ಬೇರಾರೂ ಕೊಳ್ಳರು, ಅವರು ಕೇಳುವ ಬೆಲೆ ತಮಗೆ ಈಗಾಗಲೇ ಗೊತ್ತಿದೆ. ಎಸ್‌ಎಸ್‌ಡಿಯ ರಸೀದಿಯನ್ನು ಕೊಳ್ಳುವವರಿಗೇ ಕೊಟ್ಟರೆ ಉಳಿದ ವಾರಂಟಿ ಅವರ ಉಪಯೋಗಕ್ಕೆ ಬರುತ್ತದೆ. ಹಳೆಯ ಡಿಸ್ಕ್ ಮಾತ್ರ ಮನೆಯಲ್ಲೇ ಇರಲಿ. ಮಾಹಿತಿ ಅಳಿಸುವ ತಲೆನೋವೇ ಅದರೊಂದಿಗೆ ಮುಗಿಯುತ್ತದೆ.

ಒಂದು ಸಣ್ಣ ಇಕ್ಕಟ್ಟಿದೆ. ಹೊಸದಾಗಿ ವಿಂಡೋಸ್ ಹಾಕಿ, ದೇಶ ಮತ್ತು ಭಾಷೆ ಕೇಳುವ ಮೊದಲ ಪರದೆಯಲ್ಲಿಯೇ ಯಂತ್ರವನ್ನು ಆಫ್ ಮಾಡಿಟ್ಟರೆ ಕೊಳ್ಳುವವರು ತಮ್ಮದೇ ಖಾತೆಯಿಂದ ಆರಂಭಿಸಬಹುದು. ಆದರೆ ಹಾಗಿಟ್ಟರೆ ಅವರಿಗೆ ಏನನ್ನೂ ಪರೀಕ್ಷಿಸಿ ನೋಡಲಾಗದು. ಒಮ್ಮೆ ಪೂರ್ತಿ ಆರಂಭಿಸಿ, ಸಕ್ರಿಯವಾಗಿರುವುದನ್ನು ತೋರಿಸಿ, ವ್ಯವಹಾರ ಕುದುರಿದ ಮೇಲೆ ಅವರೆದುರಿಗೇ ‘ರಿಮೂವ್ ಎವೆರಿಥಿಂಗ್’ ಆಯ್ಕೆಯಿಂದ ರೀಸೆಟ್ ಮಾಡಿಕೊಡುವುದು ಒಳ್ಳೆಯದು. ಸರಿಯಾದ ಆವೃತ್ತಿ ಒಳಗಿರುವುದರಿಂದ ಆಗ ರೀಸೆಟ್‌ಗೆ ನನ್ನ ತಕರಾರಿಲ್ಲ. ಎಸ್‌ಎಸ್‌ಡಿಯಲ್ಲಿ ಅದು ಬೇಗನೆ ಮುಗಿಯುತ್ತದೆ.

ಮಧುಗಿರಿಯಿಂದ, ಬೆರಳಚ್ಚು ಮತ್ತು ಡಿಟಿಪಿ ಕೆಲಸ ಮಾಡುವವರು

ನಾನು ಕೊಳ್ಳುವವರ ಕಡೆಯಿಂದ ಬರೆಯುತ್ತೇನೆ. ನಮ್ಮ ಕೆಲಸಕ್ಕೆ ಹೊಸ ಲ್ಯಾಪ್‌ಟಾಪ್ ದುಬಾರಿ, ಹಾಗಾಗಿ ಹಳೆಯವನ್ನೇ ಹುಡುಕಿ ಕೊಳ್ಳುತ್ತೇವೆ. ಸಿದ್ಧಗಂಗೆಯ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುವಂತೆ ನಾವು ಮೊದಲು ನೋಡುವುದು ಬ್ಯಾಟರಿಯನ್ನು. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ’ ಆದೇಶದಿಂದ ಬ್ಯಾಟರಿ ವರದಿ ತೆಗೆದರೆ ತಯಾರಾದಾಗಿನ ಸಾಮರ್ಥ್ಯವೂ ಈಗ ಪೂರ್ತಿ ತುಂಬಿದಾಗಿನ ಸಾಮರ್ಥ್ಯವೂ ಒಂದರ ಕೆಳಗೊಂದು ಇರುತ್ತವೆ. ಮಾರುವವರು ಆ ವರದಿಯನ್ನು ತಾವಾಗಿಯೇ ತೋರಿಸಿದರೆ ಚೌಕಾಸಿ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಬ್ಯಾಟರಿ ಹೋಗಿದ್ದರೂ ಚಿಂತೆಯಿಲ್ಲ, ನಮ್ಮ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಸದಾ ಕರೆಂಟಿಗೇ ಸಿಕ್ಕಿಸಿರುತ್ತದೆ. ಆದರೆ ಅದು ಮನೆಗೆ ಒಯ್ದ ಮೇಲಷ್ಟೇ ಗೊತ್ತಾಗುವಂತಾಗಬಾರದು.

ಎರಡನೆಯದು ಕೀಲಿಮಣೆ. ಯಾರೂ ಗಮನಿಸದ ಒಂದು ಸಂಗತಿ ಹೇಳುತ್ತೇನೆ: ಕನ್ನಡ ಟೈಪಿಂಗ್ ತಂತ್ರಾಂಶವಾದ ‘ನುಡಿ’ಯ ಕೀಲಿವಿನ್ಯಾಸದಲ್ಲಿ ಅರ್ಧಾಕ್ಷರ, ಒತ್ತಕ್ಷರಗಳಿಗೆಲ್ಲ ‘ಎಫ್’ ಕೀಲಿಯನ್ನೇ ಒತ್ತಬೇಕು. ಕನ್ನಡದಲ್ಲಿ ಟೈಪ್ ಮಾಡಿದ ಯಂತ್ರದಲ್ಲಿ ಮೊದಲು ಸವೆಯುವುದು ಅದೇ. ‘ಕ್ರಯಪತ್ರ’ ಎಂಬ ಒಂದೇ ಪದಕ್ಕೆ ಅದನ್ನು ಎರಡು ಸಲ ಒತ್ತಿಯಾಗುತ್ತದೆ. ಹಾಗಾಗಿ ನಾನು ನೋಟ್‌ಪ್ಯಾಡ್ ತೆರೆದು ಆ ಕೀಲಿಯನ್ನು ಗಟ್ಟಿಯಾಗಿಯೂ ಮೆಲ್ಲಗೂ ಒತ್ತಿ ನೋಡದೆ ಹಣ ಕೊಡುವುದಿಲ್ಲ. ಲಿನಕ್ಸ್ ಹಾಕಿ ಮಾರಿದರೂ ಆದೀತು ಎಂದು ಕೆಲವರು ಹೇಳುವುದುಂಟು. ನಮ್ಮಂಥವರಿಗೆ ಅದು ಆಗದು, ನಮ್ಮ ಹಳೆಯ ಕಡತಗಳೆಲ್ಲ ನುಡಿಯ ಹಳೆಯ ಅಕ್ಷರಶೈಲಿಗಳಲ್ಲಿದ್ದು ವಿಂಡೋಸ್ ಇಲ್ಲದೆ ಕೆಲಸ ಸಾಗದು.

ಬಯೋಸ್‌ಗೆ ಪಾಸ್‌ವರ್ಡ್ ಇಟ್ಟಿದ್ದರೆ ತೆಗೆದುಕೊಡಿ. ಮೈಕ್ರೋಸಾಫ್ಟ್ ಖಾತೆಯ ಸಾಧನಗಳ ಪಟ್ಟಿಯಿಂದ ಲ್ಯಾಪ್‌ಟಾಪ್ ಅನ್ನು ತೆಗೆದುಹಾಕಿರಿ. ‘ಆಫೀಸ್ ಸಹಿತ’ ಎಂದು ಜಾಹೀರಾತಿನಲ್ಲಿ ಬರೆಯಬೇಡಿ. ಲ್ಯಾಪ್‌ಟಾಪ್ ಜೊತೆ ಬಂದ ಆಫೀಸ್ ಮೊದಲು ಸಕ್ರಿಯಗೊಳಿಸಿದವರ ಖಾತೆಗೆ ಅಂಟಿಕೊಂಡಿರುತ್ತದೆ, ರೀಸೆಟ್ ಆದ ಮೇಲೆ ಕೊಂಡವರಿಗೆ ಅದು ಸಿಗುವುದಿಲ್ಲ, ಜಗಳ ಅಲ್ಲಿಂದಲೇ ಶುರುವಾಗುತ್ತದೆ.

ತುಮಕೂರಿನಿಂದ, ವಕೀಲರು

ಕೊಳ್ಳುವವರಿಗೆ ಎಷ್ಟನ್ನು ಹೇಳಬೇಕು ಎಂಬ ಪ್ರಶ್ನೆಗೆ ಇದುವರೆಗೆ ಯಾರೂ ನೇರವಾಗಿ ಉತ್ತರಿಸಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 17ನೇ ಕಲಮಿನ ಪ್ರಕಾರ ಸುಮ್ಮನಿರುವುದಷ್ಟೇ ಸಾಮಾನ್ಯವಾಗಿ ವಂಚನೆಯಾಗದು. ಆದರೆ ತಿಳಿದಿರುವ ಸಂಗತಿಯನ್ನು ಕೊಳ್ಳುವವರನ್ನು ಮೋಸಗೊಳಿಸುವ ಉದ್ದೇಶದಿಂದ ಸಕ್ರಿಯವಾಗಿ ಮರೆಮಾಚಿದರೆ ಅದು ವಂಚನೆಯೇ ಆಗುತ್ತದೆ, ಮತ್ತು 19ನೇ ಕಲಮಿನಡಿ ಮೋಸಹೋದವರು ಆ ಕರಾರನ್ನು ರದ್ದುಪಡಿಸಿಕೊಳ್ಳಬಹುದು. ಲ್ಯಾಪ್‌ಟಾಪಿಗೆ ಅನ್ವಯಿಸಿ ಹೇಳುವುದಾದರೆ, ಹಳದಿ ಬಣ್ಣ ಕಂಡ ಡಿಸ್ಕಿನ ಮೇಲೆಯೇ ಹೊಸ ವಿಂಡೋಸ್ ಹಾಕಿ, ಒಂದು ವಾರ ಚೆನ್ನಾಗಿ ಓಡುವಂತೆ ಮಾಡಿ, ‘ಯಾವ ತೊಂದರೆಯೂ ಇಲ್ಲ’ ಎಂದು ಮಾರುವುದು ಆ ಗೆರೆಯನ್ನು ದಾಟುತ್ತದೆ ಎಂಬುದು ನನ್ನ ಅಭಿಪ್ರಾಯ. ಡಿಸ್ಕ್ ಬದಲಿಸಿ, ಬದಲಿಸಿದ್ದನ್ನು ಹೇಳಿ ಮಾರಿದರೆ ತಕರಾರಿಗೆ ಎಡೆಯಿಲ್ಲ.

ಒಂದು ಹಾಳೆಯಲ್ಲಿ ಲ್ಯಾಪ್‌ಟಾಪಿನ ಸೀರಿಯಲ್ ಸಂಖ್ಯೆ, ಬೆಲೆ, ದಿನಾಂಕ, ಬದಲಿಸಿದ ಭಾಗ, ತಿಳಿದಿರುವ ಕೊರತೆಗಳು, ‘ಪರೀಕ್ಷಿಸಿ ಒಪ್ಪಿ ಕೊಂಡಿರುತ್ತೇನೆ’ ಎಂಬ ವಾಕ್ಯ, ಇಬ್ಬರ ಸಹಿ ಇಷ್ಟಿದ್ದರೆ ಸಾಕು. ಛಾಪಾ ಕಾಗದದ ಅಗತ್ಯವಿಲ್ಲ. ಮೂಲ ರಸೀದಿಯ ಪ್ರತಿಯನ್ನು ಜೊತೆಗೆ ಕೊಟ್ಟರೆ ಕಳ್ಳಮಾಲಿನ ಸಂಶಯ ಕೊಂಡವರನ್ನು ಕಾಡುವುದಿಲ್ಲ.

ಹಣದ ವಿಷಯದಲ್ಲಿ ಎಚ್ಚರಿಕೆಯಿರಲಿ. ಜಾಹೀರಾತು ಕಂಡ ಅರ್ಧ ಗಂಟೆಯೊಳಗೆ ಕರೆಮಾಡಿ, ತಾನು ಸೈನಿಕ, ವರ್ಗವಾಗಿದೆ, ವಸ್ತು ನೋಡುವುದೇ ಬೇಡ, ಮುಂಗಡ ಕಳುಹಿಸುತ್ತೇನೆ ಎಂದು ಹೇಳಿ ಕ್ಯೂಆರ್ ಚಿತ್ರ ಕಳುಹಿಸುವವರನ್ನು ನಂಬಬೇಡಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಸ್ಕ್ಯಾನ್ ಮಾಡಬೇಕಾಗಿಯೂ ಇಲ್ಲ. ಮೋಸವಾದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿರಿ.

ಬಟವಾಡಿಯಿಂದ

ಎಲ್ಲಿ ಮಾರಬೇಕೆಂಬುದರ ಬಗ್ಗೆ ಎರಡು ಮಾತು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಒಯ್ದರೆ ಅದೇ ದಿನ ಹಣ ಸಿಗುತ್ತದೆಂಬುದು ನಿಜ, ಆದರೆ ಅಲ್ಲಿನ ವ್ಯಾಪಾರಿ ತನ್ನ ಲಾಭವನ್ನು ಮೊದಲೇ ಮುರಿದುಕೊಂಡು ಬೆಲೆ ಹೇಳುತ್ತಾನೆ, ರೈಲಿನಲ್ಲಿ ಹೊತ್ತೊಯ್ದ ಮೇಲೆ ಬೆಲೆ ಸರಿಬರಲಿಲ್ಲವೆಂದು ಹಿಂದಿರುಗುವ ಮನಸ್ಸೂ ನಮಗಿರುವುದಿಲ್ಲ. ಎಸ್‌ಎಸ್‌ಡಿ ಹಾಕಿ ವಿಂಡೋಸ್ 11 ಸಕ್ರಿಯವಾಗಿರುವ ಎಂಟನೇ ತಲೆಮಾರಿನ ಯಂತ್ರಕ್ಕೆ ಊರಿನಲ್ಲಿಯೇ ಗಿರಾಕಿಗಳಿದ್ದಾರೆ. ಇಲ್ಲಿ ಇಂಜಿನಿಯರಿಂಗ್ ಕಾಲೇಜುಗಳೂ ವಿಶ್ವವಿದ್ಯಾಲಯವೂ ಇರುವುದರಿಂದ ತರಗತಿಗಳು ಆರಂಭವಾಗುವ ವೇಳೆಗೆ ಸೂಚನಾ ಫಲಕದಲ್ಲಿಯೋ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿಯೋ ಒಂದು ಸೂಚನೆ ಹಾಕಿಸಿದರೆ ಸಾಕು. ಆನ್‌ಲೈನ್‌ನಲ್ಲಿ ಹಳೆಯ ವಸ್ತು ಕೊಳ್ಳುವ ಕಂಪನಿಗಳು ಮನೆಬಾಗಿಲಿಗೆ ಬಂದು ಪರೀಕ್ಷಿಸಿದ ಮೇಲೆ ಮೊದಲು ಹೇಳಿದ ಬೆಲೆಯನ್ನು ಇಳಿಸುವುದು ಸಾಮಾನ್ಯ. ಅವರ ಮೊದಲ ಬೆಲೆಯನ್ನು ನಂಬಿ ಬೇರೆ ಗಿರಾಕಿಯನ್ನು ಕಳುಹಿಸಿಬಿಡಬೇಡಿ. ಅಪರಿಚಿತರಾದರೆ ಮನೆಗೆ ಕರೆಯದೆ, ಟೌನ್ ಹಾಲ್ ವೃತ್ತದ ಆಸುಪಾಸಿನಂತಹ ಜನ ಓಡಾಡುವ ಕಡೆ ಹಗಲಿನಲ್ಲಿ ಭೇಟಿಯಾಗಿರಿ. ಜೊತೆಗೆ ಮೂಲ ಚಾರ್ಜರ್ ಕೊಂಡೊಯ್ಯಿರಿ, ಅದಿಲ್ಲದಿದ್ದರೆ ಬೆಲೆ ಇಳಿಸಲು ಅವರಿಗೆ ಬೇರೆ ನೆಪ ಬೇಕಾಗುವುದಿಲ್ಲ.