‘ಬಾರೋ’, ‘ಲೆಂಡ್’ ಮತ್ತು ನಮ್ಮ ‘ಇಸ್ಕೊಳ್ಳುವುದು’

ಗಂಗಾವತಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಕೆಲವರಿಗೆ ನಾನು ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಕಳೆದ ವಾರ ಒಬ್ಬ ವಿದ್ಯಾರ್ಥಿನಿ ಪಕ್ಕದವಳ ಕಡೆಗೆ ಕೈಚಾಚಿ, ‘ಪ್ಲೀಸ್ ಬಾರೋ ಮಿ ಯುವರ್ ಸ್ಕೇಲ್’ ಎಂದಳು. ಸ್ಕೇಲು ಕೈಗೆ ಬಂದಿತು, ಆದರೆ ವಾಕ್ಯ ತಪ್ಪಾಗಿತ್ತು. ಅದನ್ನು ತಿದ್ದಲು ಹೋದಾಗ, ‘ಬಾರೋ’ ಮತ್ತು ‘ಲೆಂಡ್’ ಎರಡಕ್ಕೂ ನಾನು ಬರೆಸುತ್ತಿದ್ದ ‘ಸಾಲ’, ‘ಎರವಲು’ ಎಂಬ ಅರ್ಥಗಳೇ ಗೊಂದಲಕ್ಕೆ ಕಾರಣವೆಂದು ನನಗೆ ಅನ್ನಿಸಿತು.

ಮರಳಿಸಬೇಕಾದ ವಸ್ತುವನ್ನು ಪಡೆಯುವವರ ಕೆಲಸ ‘ಬಾರೋ’, ಕೊಡುವವರ ಕೆಲಸ ‘ಲೆಂಡ್’. ‘ಲೆಂಡ್ ಮಿ ಯುವರ್ ಸ್ಕೇಲ್’ ಎನ್ನಬಹುದು. ‘ಬಾರೋ’ ಬಳಸುವುದಾದರೆ ‘ಮೇ ಐ ಬಾರೋ ಯುವರ್ ಸ್ಕೇಲ್’ ಎಂದು ಕೇಳಬೇಕು, ಯಾರಿಂದ ಎಂಬುದನ್ನು ಹೇಳಲು ‘ಫ್ರಮ್’ ಸೇರಿಸಬೇಕು. ಎಲ್ಲ ಭಾಷೆಗಳೂ ಹೀಗೆ ಎರಡು ಕ್ರಿಯಾಪದಗಳನ್ನು ಇಟ್ಟುಕೊಂಡಿಲ್ಲ. ‘ಬಾರೋ’ ಪದದ ಬಳಗಕ್ಕೇ ಸೇರಿದ ಜರ್ಮನ್ ಭಾಷೆಯ ‘ಬೋರ್ಗೆನ್’ ಕೊಡುವುದಕ್ಕೂ ಪಡೆಯುವುದಕ್ಕೂ ಸಲ್ಲುತ್ತದೆ.

ನಮ್ಮಲ್ಲಿ ವಸ್ತು ಯಾರಿಂದ ಯಾರ ಕಡೆಗೆ ಹೋಯಿತೆಂಬುದನ್ನು ‘ಕೊಡು’, ‘ತಗೊ’ ಎಂಬ ಸಾಮಾನ್ಯ ಕ್ರಿಯಾಪದಗಳೇ ಹೇಳುತ್ತವೆ. ನಾಮಪದ ಹೇಳುವುದು ಎಂಥ ವ್ಯವಹಾರ ಎಂಬುದನ್ನು. ಸಾಲವೆಂದರೆ ಹೆಚ್ಚಾಗಿ ಹಣ, ಬಹುಮಟ್ಟಿಗೆ ಬಡ್ಡಿಯೂ ಉಂಟು. ಬಡ್ಡಿಯಿಲ್ಲದೆ, ಕಾಗದಪತ್ರವಿಲ್ಲದೆ ನಾಲ್ಕು ದಿನದ ಮಟ್ಟಿಗೆ ಕೊಟ್ಟದ್ದು ಕೈಗಡ. ಅಂಗಡಿಯಲ್ಲಿ ಲೆಕ್ಕ ಬರೆಸಿ ತಂದದ್ದು ಉದ್ರಿ. ಇದಕ್ಕೆ ಇಂಗ್ಲಿಷಿನಲ್ಲಿ ‘ಬಾರೋ’ ಹೊಂದುವುದಿಲ್ಲ, ‘ಆನ್ ಕ್ರೆಡಿಟ್’ ಎನ್ನಬೇಕು. ಕೊಟ್ಟ ವಸ್ತುವೇ ತಿರುಗಿ ಬರಬೇಕಾದರೆ ಅದು ಎರವಲು. ಗ್ರಂಥಾಲಯದ ಪುಸ್ತಕ ಈ ಬಗೆಯದು. ತಮಿಳಿನ ‘ಇರವಲ್’ ಕೂಡ ಇದೇ ಅರ್ಥದ್ದು. ಇನ್ನು ‘ನೆರಮನೆಯಿಂದ ಒಂದು ಬಟ್ಟಲ ಸಕ್ಕರಿ ಕಡ ಇಸ್ಕೊಂಡು ಬಾ’ ಎಂದು ತಾಯಿ ಮಗಳನ್ನು ಕಳಿಸಿದರೆ, ತಂದ ಸಕ್ಕರೆ ಚಹಾದಲ್ಲಿ ಕರಗಿ ಹೋಗುತ್ತದೆ, ಮರಳುವುದು ಅದೇ ಬಟ್ಟಲಿನ ಅಳತೆಯ ಬೇರೆ ಸಕ್ಕರೆ. ಸೇರಿನಲ್ಲಿ ಅಳೆದು ತಂದ ಜೋಳಕ್ಕೂ ಇದೇ ಕ್ರಮ. ಸಕ್ಕರೆ, ಪುಸ್ತಕ, ಹಣ ಮೂರಕ್ಕೂ ಇಂಗ್ಲಿಷಿನ ‘ಬಾರೋ’ ಒಂದೇ ಸಾಕು. ಹೀಗೆ ನಮ್ಮ ಭಾಷೆ ಬಿಡಿಸಿ ಹೇಳುವುದನ್ನು ಅದು ಒಟ್ಟಾಗಿಸುತ್ತದೆ, ನಾವು ಒಟ್ಟಾಗಿಸುವುದನ್ನು ಅದು ಬಿಡಿಸುತ್ತದೆ. ಮಕ್ಕಳು ಎಡವುವುದು ಇಲ್ಲಿಯೇ, ಅವರ ಅಜಾಗ್ರತೆಯಿಂದಲ್ಲ.

‘ಲೋನ್’ ಎಂಬ ಪದ ಕನ್ನಡದೊಳಗೆ ಬಂದು ಬ್ಯಾಂಕು ಕೊಡುವ ಹಣಕ್ಕಷ್ಟೇ ಮೀಸಲಾಗಿರುವುದರಿಂದ, ಪುಸ್ತಕವೂ ‘ಆನ್ ಲೋನ್’ ಇರಬಹುದೆಂದರೆ ವಿದ್ಯಾರ್ಥಿಗಳು ಸುಲಭವಾಗಿ ನಂಬುವುದಿಲ್ಲ.

ಈಗ ನನ್ನ ವಿಚಾರವನ್ನು ಬಲ್ಲವರ ಮುಂದಿಡುತ್ತೇನೆ. ‘ಬಾರೋ’ ಪದಕ್ಕೆ ‘ಸಾಲ ಪಡೆ’ ಎಂದು ಬರೆಸುವ ಬದಲು ‘ಇಸ್ಕೊ’ ಎಂದು ಬರೆಸಿದರೆ ಹೇಗೆ? ಇದರ ಬರಹರೂಪ ‘ಈಸಿಕೊಳ್ಳು’. ಹಳೆಯ ‘ಈ’ ಧಾತುವಿಗೆ ಕೊಡು ಎಂದರ್ಥ. ‘ಈಸು’ ಎಂದರೆ ಕೊಡುವಂತೆ ಮಾಡು. ಅದಕ್ಕೆ ‘ಕೊಳ್ಳು’ ಸೇರಿದಾಗ ಇನ್ನೊಬ್ಬರಿಂದ ತನಗೆ ಕೊಡಿಸಿಕೊಳ್ಳುವುದು ಎಂದಾಗುತ್ತದೆ. ವಸ್ತು ಯಾರ ಕಡೆಗೆ ಬರುತ್ತದೆಂಬುದು ಪದದಲ್ಲಿಯೇ ಅಡಗಿರುವುದರಿಂದ, ‘ನಾನು ಇಸ್ಕೊಂಡೆ, ಆಕೆ ಕೊಟ್ಟಳು’ ಎಂದು ಹೇಳಿಸಿದ ಮೇಲೆ ನಮ್ಮ ತರಗತಿಯಲ್ಲಿ ಆ ತಪ್ಪು ಬಹಳ ಕಡಿಮೆಯಾಯಿತು. ಆಡುಮಾತೆಂದು ಈ ಪದವನ್ನು ಪಾಠದಿಂದ ದೂರವಿಡುವುದು ನನಗೆ ಸರಿಕಾಣುವುದಿಲ್ಲ.

ತೊಡಕು ಒಂದಿದೆ. ‘ಅಂಗಡಿಯವನ ಹತ್ತಿರ ಚಿಲ್ಲರೆ ಇಸ್ಕೊಂಡು ಬಾ’ ಎನ್ನುವಾಗ ಮರಳಿಸುವ ಮಾತೇ ಇಲ್ಲ. ‘ಬಾರೋ’ದಲ್ಲಾದರೋ ಅದು ಮುಖ್ಯ. ಎತ್ತಿಕೊಂಡು ಹೋಗಲಾಗದ್ದಕ್ಕೆ ‘ಬಾರೋ’ ಸಾಮಾನ್ಯವಾಗಿ ಒಗ್ಗುವುದಿಲ್ಲವೆಂಬುದನ್ನೂ ಹೇಳಿಕೊಡಬೇಕು: ಇನ್ನೊಬ್ಬರ ಮನೆಯ ಶೌಚಾಲಯಕ್ಕೆ ಹೋಗಬೇಕಾದರೆ ‘ಮೇ ಐ ಯೂಸ್’ ಎಂದೇ ಕೇಳಬೇಕು. ಆದ್ದರಿಂದ ರಾಯಚೂರು, ಬಳ್ಳಾರಿ ಕಡೆಯವರಲ್ಲಿ ನನ್ನ ಪ್ರಶ್ನೆ ಇದು. ಸಕ್ಕರೆಗೆ ಹೇಳುವಂತೆ ಪುಸ್ತಕಕ್ಕೂ, ಕೂರಿಗೆಗೂ ನಿಮ್ಮಲ್ಲಿ ‘ಕಡ ಇಸ್ಕೊ’ ಎನ್ನುತ್ತಾರೆಯೇ, ಅಥವಾ ಅಲ್ಲಿ ‘ಎರವಲು’ ಎಂದೇ ಹೇಳಬೇಕೇ? ‘ಕಡ’ ಅಷ್ಟು ದೂರ ಸಲ್ಲುವುದಾದರೆ, ‘ಬಾರೋ’ ಪದದ ಮುಂದೆ ‘ಕಡ ಇಸ್ಕೊ’ ಎಂದೂ ‘ಲೆಂಡ್’ ಪದದ ಮುಂದೆ ‘ಕಡ ಕೊಡು’ ಎಂದೂ ಬರೆಸಬೇಕೆಂದಿದ್ದೇನೆ.