ಬೋಟ್ ಇಂಜಿನ್ ರಿಪೇರಿಯವರಿಗೆ ಒಂದು ಸಂಘ: ಮಾಡಿ ನೋಡಿದವರು ಹೇಳಿ

ಅಂಕೋಲಾ ಡೀಸೆಲ್:
ಬೇಲೇಕೇರಿ ಹತ್ತಿರ ನನ್ನದು ಮರೈನ್ ಡೀಸೆಲ್ ವರ್ಕ್‌ಶಾಪ್. ಕಾರವಾರದ ಬೈತಖೋಲದಿಂದ ಭಟ್ಕಳದವರೆಗೆ ಇಂಜಿನ್, ಗೇರ್‌ಬಾಕ್ಸ್ ಮಾಡುವವರೆಲ್ಲ ಸೇರಿ ಒಂದು ಸಂಘ ಕಟ್ಟೋಣ ಅಂತ ಮಾತಾಗಿದೆ. ಹುಡುಗರಿಗೆ ಎಲೆಕ್ಟ್ರಾನಿಕ್ ಇಂಜಿನ್ ಕಲಿಸಬೇಕು. ಬೋಟಿನವರಿಂದ ಹಳೇ ಬಾಕಿ ಬರಬೇಕು. ಇಂಜಿನ್ ಕಂಪನಿಯವರು ದೋಷ ಪತ್ತೆ ಮಾಡುವ ಸ್ಕ್ಯಾನರ್ ನಮಗೂ ಕೊಡುವ ಹಾಗಾಗಬೇಕು. ಸೊಸೈಟಿ ಮಾಡಿಸೋದಾ, ಕಂಪನಿಯಾ? ಖರ್ಚೆಷ್ಟು? ಜೂನ್ ಒಳಗೆ ಮುಗಿಸಬೇಕು, ಆಮೇಲೆ ಊಟಕ್ಕೂ ಪುರುಸೊತ್ತಿರುವುದಿಲ್ಲ.

ಕುಮಟಾ ಫ್ಯಾಬ್ರಿಕೇಶನ್:
ನಾವು ಸೊಸೈಟಿ ಮಾಡಿದ್ದೇವೆ. 1960ರ ಸಂಘಗಳ ನೋಂದಣಿ ಕಾಯ್ದೆ, ಏಳು ಜನ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಏಳು ಜನ ಸಿಗುತ್ತಾರೆ ಮಾರಾಯ್ರೆ, ಏಳೂ ಜನರ ಆಧಾರ್ ಮತ್ತು ರೇಷನ್ ಕಾರ್ಡಲ್ಲಿ ಹೆಸರು ಒಂದೇ ಥರ ಇರುವುದಿಲ್ಲ. ನಮ್ಮ ಖಜಾಂಚಿಯ ಇನಿಶಿಯಲ್ ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ. ಅದಕ್ಕೆ ಅಫಿಡವಿಟ್. ಬೈಲಾ ಬರೆದವರಿಗೆ 9,000. ಟೈಪಿಂಗ್, ಝೆರಾಕ್ಸ್, ನೋಟರಿ ಸೇರಿ 2,350. ಕಚೇರಿ ವಿಳಾಸಕ್ಕೆ ಕಟ್ಟಡದ ಮಾಲೀಕರ ಒಪ್ಪಿಗೆ ಪತ್ರ ಬೇಕು. ಅವರು ಒಪ್ಪಿಗೆ ಕೊಡುವ ಮೊದಲು ತಮ್ಮ ಗೇಟಿಗೆ ವೆಲ್ಡಿಂಗ್ ಮಾಡಿಸಿಕೊಂಡರು, ಪುಕ್ಕಟೆ. ಅದನ್ನೂ ಖರ್ಚಿಗೆ ಸೇರಿಸಬೇಕು, ಅಲ್ವಾ?

ಉದ್ದೇಶದಲ್ಲಿ 'ಸದಸ್ಯರ ವ್ಯಾಪಾರ ಹೆಚ್ಚಿಸುವುದು' ಅಂತ ಮೊದಲು ಬರೆದಿದ್ದೆವು. ಫೈಲು ವಾಪಸ್ ಬಂತು. 'ತಾಂತ್ರಿಕ ತಿಳಿವಳಿಕೆ, ತರಬೇತಿ' ಅಂತ ಮೇಲೆ ತಂದೆವು, ಹೋಯಿತು. ನೋಂದಣಿ ಆದ ಮೇಲೇ ನಿಜವಾದ ಕೆಲಸ. ಪ್ರತಿ ವರ್ಷ ಸರ್ವಸದಸ್ಯರ ಸಭೆ, ಲೆಕ್ಕ ಪರಿಶೋಧನೆ, ಆಡಳಿತ ಮಂಡಳಿ ಪಟ್ಟಿ ರಿಜಿಸ್ಟ್ರಾರ್‌ಗೆ. ಫೋಟೋ ತೆಗೆಸಿಕೊಳ್ಳಲು ಬಂದ ಪದಾಧಿಕಾರಿಗಳು ಇದಕ್ಕೆ ಬರುವುದಿಲ್ಲ.

ಘಟ್ಟದ ಮೇಲಿನವ, ಶಿರಸಿ:
ಸೊಸೈಟಿ ಸುಮ್ನೆ ಜಗಳದ ಗೂಡು. ನಾವು ಅಡಿಕೆ ಸುಲಿಯುವ ಯಂತ್ರ ಮಾಡುವವರು ಸೇರಿ ಸೆಕ್ಷನ್ 8 ಕಂಪನಿ ಮಾಡಿದೆವು. ಲಾಭ ಹಂಚಿಕೊಳ್ಳುವಂತಿಲ್ಲ, ಇಬ್ಬರು ನಿರ್ದೇಶಕರಿದ್ದರೆ ಸಾಕು. ಬ್ಲೇಡ್ ಮತ್ತು ರಬ್ಬರ್ ರೋಲರ್ ಸಪ್ಲೈಯರ್ ಹತ್ತಿರ ಕೂತು ಮಾತಾಡುವಾಗ ಕಂಪನಿ ಲೆಟರ್‌ಹೆಡ್ ಇದ್ದರೆ ಬೆಲೆಯೇ ಬೇರೆ. ಸಿಎ ಫೀಸು, ಡಿಜಿಟಲ್ ಸಹಿ, ಲೈಸೆನ್ಸ್ ಎಲ್ಲ ಸೇರಿ 31,000 ಆಯಿತು. ಜಾಸ್ತಿ ಅನಿಸಬಹುದು. ನನಗೆ ಅನಿಸಿಲ್ಲ.

ಕುಮಟಾ ಫ್ಯಾಬ್ರಿಕೇಶನ್:
ಶಿರಸಿಯವರೇ, ಕಂಪನಿಯ ವಾರ್ಷಿಕ ಲೆಕ್ಕಪತ್ರದ ಫಾರಂ ಎಓಸಿ-4 ತಡವಾದರೆ ದಿನಕ್ಕೆ ನೂರು ರೂಪಾಯಿ ದಂಡ. ವಾರ್ಷಿಕ ರಿಟರ್ನ್ ಎಂಜಿಟಿ-7ಗೆ ಇನ್ನೊಂದು ನೂರು. ಅದನ್ನು ಯಾಕೆ ಬರೆಯಲಿಲ್ಲ?

ಘಟ್ಟದ ಮೇಲಿನವ, ಶಿರಸಿ:
ತಡ ಮಾಡಿದವರಿಗೆ ದಂಡ. ನಾವು ತಡ ಮಾಡಿಲ್ಲ.

ಹೊನ್ನಾವರ ಲೇತ್:
ಒಂದು ವರ್ಷ ಮಾಡಿದಿರಿ. ನಿಮ್ಮದೇ ಸದಸ್ಯರೊಬ್ಬರು ನನ್ನ ಅಂಗಡಿಯಲ್ಲಿ ಕೂತು ಹೇಳಿದ್ದು.

ಘಟ್ಟದ ಮೇಲಿನವ, ಶಿರಸಿ:
ಆ ಸದಸ್ಯರು ವಾರ್ಷಿಕ ವಂತಿಗೆ ಕೊಟ್ಟಿದ್ದರೆ ಸಿಎಗೆ ದುಡ್ಡು ಕೊಟ್ಟು ಸಮಯಕ್ಕೆ ಹಾಕಬಹುದಿತ್ತು. ಅದನ್ನೂ ಹೇಳಿದರಾ?

ಕಾರವಾರ ಗೇರ್‌ಬಾಕ್ಸ್:
ಎರಡೂ ಬೇಡ. ಬೈತಖೋಲದಲ್ಲಿ ನಾವು ನಾಲ್ಕೈದು ಜನ ಬರೀ ಬಾಯಿಮಾತಿನ ಒಪ್ಪಂದ ಮಾಡಿಕೊಂಡೆವು. ಹೆಡ್ ಇಳಿಸಲು ಇಷ್ಟು, ಲೈನರ್ ಹಾಕಲು ಇಷ್ಟು, ಶಾಫ್ಟ್ ಅಲೈನ್‌ಮೆಂಟ್ ಇಷ್ಟು. ಒಬ್ಬರ ಬಾಕಿ ಉಳಿಸಿಕೊಂಡ ಬೋಟಿನ ಕೆಲಸ ಇನ್ನೊಬ್ಬರು ಮಾಡುವಂತಿಲ್ಲ. ಎರಡು ಸೀಸನ್ ಚಿನ್ನದಂತೆ ನಡೆಯಿತು. ಮೂರನೇ ಸೀಸನ್‌ನಲ್ಲಿ ಒಬ್ಬ ಮಹಾಶಯ ರಾತ್ರೋರಾತ್ರಿ ಒಂದು ಟ್ರಾಲರ್ ಹತ್ತಿ ಅರ್ಧ ರೇಟಿಗೆ ಕೆಲಸ ಮಾಡಿಕೊಟ್ಟ. ಆ ಬೋಟು ನನಗೆ 68,000 ಕೊಡಬೇಕಿತ್ತು. ಇವತ್ತಿಗೂ ಬಂದಿಲ್ಲ. ಬೋಟು ಮಾರಾಟವಾಗಿ ಹೆಸರೂ ಬದಲಾಯಿತು.

ಹೊನ್ನಾವರ ಲೇತ್:
ಆ ಮಹಾಶಯನ ಕಥೆ ಆಮೇಲೆ. ರೇಟ್ ಕಾರ್ಡ್ ಬಗ್ಗೆ ಹುಷಾರು. ಸದಸ್ಯರೆಲ್ಲ ಸೇರಿ ದರ ನಿಗದಿ ಮಾಡುವುದು, ಇಂಥವರ ಕೆಲಸ ಮಾಡಬೇಡಿ ಅಂತ ಬಹಿಷ್ಕಾರ ಹಾಕುವುದು 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್‌ಗೆ ಬೀಳುತ್ತದೆ. ಔಷಧ ವ್ಯಾಪಾರಿಗಳ ಸಂಘಗಳಿಗೆ ಇದೇ ಕಾರಣಕ್ಕೆ ದಂಡ ಬಿದ್ದಿದೆ. ಬೈಲಾದಲ್ಲಾಗಲಿ, ವಾಟ್ಸ್ಯಾಪ್ ಗುಂಪಿನಲ್ಲಾಗಲಿ ರೇಟ್ ಬರೆಯಬೇಡಿ.

ಬಾಕಿ ವಸೂಲಿಗೆ ಸಂಘವೇ ಬೇಕಿಲ್ಲ. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಪುಕ್ಕಟೆ. ಅದಿದ್ದರೆ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ಬರೆದುಕೊಂಡ ಒಪ್ಪಂದವಿದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ಇಲ್ಲದಿದ್ದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಎಂಎಸ್‌ಎಂಇ ಇಲಾಖೆಯ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ನಾನು 1,12,000ಕ್ಕೆ ಹಾಕಿದ್ದೆ. ನೋಟಿಸ್ ಹೋದ ಕೂಡಲೇ 80,000 ಬಂತು. ಉಳಿದದ್ದು ಬರಲಿಲ್ಲ, ಯಾಕೆಂದರೆ ಗೇರ್ ಬದಲಿಸಿದ ಜಾಬ್ ಕಾರ್ಡಿಗೆ ಬೋಟು ನಡೆಸುವ ತಾಂಡೇಲನ ಸಹಿ ಇತ್ತು, ಮಾಲೀಕನದ್ದು ಇರಲಿಲ್ಲ.

ತದಡಿ ಬೋಟು:
ನಾನು ಮಾಲೀಕ, ಕೇಳಿಸಿಕೊಳ್ಳಿ. ಜೂನ್ 1ರಿಂದ ಜುಲೈ 31 ಮೀನುಗಾರಿಕೆ ನಿಷೇಧ. ಆ 61 ದಿನದಲ್ಲಿ ಎಲ್ಲ ಬೋಟಿನ ಇಂಜಿನ್ನೂ ಬಿಚ್ಚಬೇಕು. ಅದು ಗೊತ್ತಿದ್ದೇ ನೀವು ಅಡ್ವಾನ್ಸ್ ತೆಗೆದುಕೊಂಡು ಮೂರು ಬೋಟು ಒಟ್ಟಿಗೆ ಬಿಚ್ಚಿಡುತ್ತೀರಿ. ಆಗಸ್ಟ್‌ನಲ್ಲಿ ಉಳಿದವರು ಬಲೆ ಬಿಟ್ಟು ಬಂದರೆ ನನ್ನ ಇಂಜಿನ್ ಗೋಣಿಚೀಲದ ಮೇಲೆ. ಆ ವಾರದ ನಷ್ಟಕ್ಕೆ ಚಕ್ರಬಡ್ಡಿ ಯಾರು ಕೊಡುತ್ತಾರೆ?

ಕಾರವಾರ ಗೇರ್‌ಬಾಕ್ಸ್:
ಏಪ್ರಿಲ್‌ನಲ್ಲೇ ಹೊಗೆ ಬರುತ್ತಿದೆ ಅಂತ ಹೇಳಿದರೆ 'ಸೀಸನ್ ಮುಗಿಯಲಿ' ಅನ್ನುವವರು ಯಾರು ಸ್ವಾಮೀ? ಉಪ್ಪುನೀರು ಲೋಹ ತಿನ್ನದ ಹಾಗೆ ಝಿಂಕ್ ಬ್ಲಾಕ್ ಹಾಕಿ ಅಂದರೆ ಅದಕ್ಕೂ ಚೌಕಾಶಿ. ಆಮೇಲೆ ಪ್ರೊಪೆಲ್ಲರ್ ತಿಂದು ಹೋಯಿತು ಅಂತ ನಮ್ಮ ಮೇಲೆ.

ತದಡಿ ಬೋಟು:
ನೀವು ಹಾಕಿದ ಝಿಂಕ್ ಮೇಲೆ ಪೇಂಟ್ ಬಳಿದಿದ್ದರು. ಪೇಂಟ್ ಬಳಿದ ಝಿಂಕ್ ಏನು ಕೆಲಸ ಮಾಡುತ್ತದೆ?

ಕಾರವಾರ ಗೇರ್‌ಬಾಕ್ಸ್:
ಬಳಿದವರು ನಿಮ್ಮ ಪೇಂಟರ್.

ಭಟ್ಕಳ ಪಂಪ್ ಸರ್ವಿಸ್:
ಝಿಂಕ್ ಜಗಳ ಬಿಡಿ. ನಾನು ಇಂಜೆಕ್ಟರ್, ಪಂಪ್ ಕ್ಯಾಲಿಬ್ರೇಶನ್ ಮಾಡುವವ. ಇಂಥದ್ದೇ ಒಂದು ಸಂಘದಲ್ಲಿ ಕಾರ್ಯದರ್ಶಿಯಾಗಿದ್ದೆ. ಸಭೆ ಯಾವಾಗಲೂ ಕಾರವಾರದಲ್ಲೇ. ಭಟ್ಕಳದಿಂದ ನೂರು ಕಿಲೋಮೀಟರ್‌ಗೂ ಜಾಸ್ತಿ, ಒಂದು ದಿನದ ದುಡಿಮೆ ಹೋಯಿತು. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗಲೂ 'ಕೋರಂ ಇಲ್ಲ, ಯಾಕೆ ಬರಲಿಲ್ಲ' ಅಂತ ಫೋನ್. ಹೇಗೆ ಬರಲಿ, ಬೋಟಲ್ಲಾ? ಬೈಲಾದಲ್ಲಿ ಸಭೆ ತಾಲೂಕಿಂದ ತಾಲೂಕಿಗೆ ಸರದಿ ಅಂತ ಮೊದಲೇ ಬರೆಸಿ.

ಇನ್ನೊಂದು. ಸಂಘ ಸದಸ್ಯರಿಗೆ ಕೊಡುವ ಸೇವೆಗೂ ಜಿಎಸ್‌ಟಿ ಲೆಕ್ಕ ಬರುತ್ತದೆ. ವರ್ಷದ ಸೇವಾ ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಬೇಡ, ಆದರೆ ಬಿಡಿಭಾಗ ಸಗಟಾಗಿ ತಂದು ಹಂಚಲು ಶುರು ಮಾಡಿದರೆ ಲೆಕ್ಕವೇ ಬೇರೆ, ಮೊದಲು ಸಿಎ ಹತ್ತಿರ ಕೇಳಿ. ನಾವು ಹಂಚಿದೆವು. ಸಂಘ ಮುಚ್ಚಿದ್ದು ಅಲ್ಲೇ.

ಕುಮಟಾ ಫ್ಯಾಬ್ರಿಕೇಶನ್:
ಅಲ್ಲೇ ಅಲ್ಲ. ಗೇರ್, ಬೇರಿಂಗ್ ಎಳೆದು ತೆಗೆಯುವ ಹೈಡ್ರಾಲಿಕ್ ಪುಲ್ಲರ್‌ನಿಂದ ಮುಚ್ಚಿದ್ದು. ಎಲ್ಲರ ವಂತಿಗೆಯಿಂದ 42,500 ಕೊಟ್ಟು ತಂದದ್ದು, ಈಗ ಎಲ್ಲಿದೆ ಅಂತ ಹೇಳಿ ನೋಡೋಣ.

ಅಂಕೋಲಾ ಡೀಸೆಲ್:
ಎಲ್ಲರಿಗೂ ಉಪಕಾರವಾಯಿತು. ಸ್ಕ್ಯಾನರ್ ವಿಷಯ ಮಾತ್ರ ಯಾರೂ ಹೇಳಲಿಲ್ಲ. ಸಂಘದ ಲೆಟರ್‌ಹೆಡ್‌ನಲ್ಲಿ ಬರೆದರೆ ಕಂಪನಿಯವರು ಮಾತಾದರೂ ಆಡುತ್ತಾರಾ?

ಘಟ್ಟದ ಮೇಲಿನವ, ಶಿರಸಿ:
ಕಂಪನಿ ಲೆಟರ್‌ಹೆಡ್ ಆದರೆ ಆಡುತ್ತಾರೆ.

ಭಟ್ಕಳ ಪಂಪ್ ಸರ್ವಿಸ್:
ಕುಮಟಾದವರೇ, ಪುಲ್ಲರ್ ನನ್ನಲ್ಲಿಲ್ಲ. ಹೊನ್ನಾವರಕ್ಕೆ ಬಾಡಿಗೆಗೆ ಹೋಗಿದ್ದು, ರಶೀದಿ ಇದೆ.

ಹೊನ್ನಾವರ ಲೇತ್:
ವಾಪಸ್ ಕೊಟ್ಟ ರಶೀದಿಯೂ ಇದೆ. ಇಲ್ಲೇ ಹಾಕುತ್ತೇನೆ. ಸಹಿ ಯಾರದ್ದು ಅಂತ ಎಲ್ಲರೂ ಓದಲಿ.